ಬೂತ್ ಲೆಕ್ಕದಲ್ಲಿ ಅನುಮಾನ ಬಂತಾ? ಫಾರಂ 20 ಮತ್ತು 17ಸಿ ತಾಳೆ ನೋಡುವ ಸಮಗ್ರ ಮಾರ್ಗದರ್ಶಿ

ಪ್ರತಿ ಚುನಾವಣೆ ಮುಗಿದ ಮೇಲೆ ನನಗೆ ಒಂದೇ ಥರದ ಮೆಸೇಜ್ ಬರುತ್ತವೆ. ಮಾಲೂರಿನಿಂದಲೋ, ಗೌರಿಬಿದನೂರಿನಿಂದಲೋ, ಪಾವಗಡದಿಂದಲೋ ಯಾರೋ ಬೂತ್‌ವಾರು ಮತಗಳ ಪಟ್ಟಿಯ ಫೋಟೋ ಕಳಿಸುತ್ತಾರೆ. ಒಂದು ಸಾಲಿಗೆ ಕೆಂಪು ಗೆರೆ ಎಳೆದಿರುತ್ತಾರೆ. ಕೆಳಗೆ, "ಸಾರ್, ಇಷ್ಟು ಓಟು ಬೀಳೋಕೆ ಹೇಗೆ ಸಾಧ್ಯ?" ನಾನು ಕೇಳುವುದು ಒಂದೇ: 17ಸಿ, ಅಂದರೆ ಮತದಾನದ ಸಂಜೆ ಬೂತಿನಲ್ಲೇ ಬರೆದುಕೊಡುವ ಲೆಕ್ಕದ ಪ್ರತಿ ಇದೆಯಾ? ಬಹಳ ಸಲ ಇರುವುದಿಲ್ಲ. ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಅನುಮಾನ ಪಡುವುದರಲ್ಲಿ ತಪ್ಪೇನಿಲ್ಲ. ಎಡವುವುದು ಕ್ರಮದಲ್ಲಿ. ಕೊನೆಯಲ್ಲಿ ನೋಡಬೇಕಾದ್ದನ್ನು ಎಲ್ಲರೂ ಮೊದಲು ನೋಡುತ್ತಾರೆ. ಕೂಡಿ ಬರಲೇಬೇಕಾದ ಲೆಕ್ಕ ಮೊದಲು. ಸಾಧ್ಯವೇ ಇಲ್ಲದ ಲೆಕ್ಕ ಆಮೇಲೆ. "ಅಪರೂಪ" ಅನ್ನಿಸುವ ಲೆಕ್ಕ ಕಡೆಗೆ. ಈ ಕ್ರಮ ಬಿಟ್ಟರೆ ನಿಜವಾದ ಅಕ್ರಮ ಕಣ್ಣಿಗೆ ಬೀಳುವುದಿಲ್ಲ, ನಿಯತ್ತಿನಿಂದ ಓಟು ಹಾಕಿದ ಊರಿನ ಮೇಲೆ ಕಳ್ಳ ಓಟಿನ ಅಪವಾದ ಬರುತ್ತದೆ.

ಇನ್ನೊಂದು ಮಾತು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದ್ದು, ತೆಗೆದದ್ದು ಬೇರೆ ದೂರು. ಅದಕ್ಕೆ ಬೇರೆ ಕಾಗದ, ಬೇರೆ ದಾರಿ. ಇಲ್ಲಿ ಹೇಳುತ್ತಿರುವುದು ಬಿದ್ದ ಮತ ಮತ್ತು ಎಣಿಸಿದ ಮತದ ಲೆಕ್ಕ ಮಾತ್ರ.

ಕೈಯಲ್ಲಿ ಏನೇನು ಇರಬೇಕು

ಫಾರಂ 20: ಇದು ಅಂತಿಮ ಫಲಿತಾಂಶದ ಹಾಳೆ. ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು, ನೋಟಾ ಎಷ್ಟು, ಒಟ್ಟು ಎಷ್ಟು ಅಂತ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ.

ಫಾರಂ 17ಸಿ: ಮತದಾನ ಮುಗಿದ ಸಂಜೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಬರೆದು, ಅಲ್ಲಿರುವ ಬೂತ್ ಏಜೆಂಟರಿಗೆ ಪ್ರತಿ ಕೊಡುವ ಲೆಕ್ಕಪತ್ರ. ಎಣಿಕೆಗೂ ಮೊದಲೇ ಹುಟ್ಟಿದ ಕಾಗದ ಇದು. ಅದಕ್ಕೇ ಇದರ ಬೆಲೆ ಜಾಸ್ತಿ.

ಇವೆರಡರ ಜೊತೆ ಆ ಬೂತಿನ ಮತದಾರರ ಪಟ್ಟಿ, ಎಕ್ಸೆಲ್ ಅಥವಾ ಗೂಗಲ್ ಶೀಟ್, ಓದಿ ಹೇಳಲು ಜೊತೆಗೊಬ್ಬರು. ಇಷ್ಟು ಸಾಕು.

ಹಂತ 1: 17ಸಿ ಪ್ರತಿಗಳನ್ನು ಅದೇ ರಾತ್ರಿ ಸೇರಿಸಿ

ಜನ ಸೋಲುವುದು ಇಲ್ಲೇ. ಏಜೆಂಟರು ಪ್ರತಿ ತೆಗೆದುಕೊಂಡು ಅಂಗಿ ಜೇಬಿಗೆ ತುರುಕುತ್ತಾರೆ. ನಾಲ್ಕು ಮಡಿಕೆ. ಏಪ್ರಿಲ್, ಮೇ ತಿಂಗಳ ಬಿಸಿಲು, ಬೆವರು. ಮೂರು ದಿನ ಬಿಟ್ಟು ನೋಡಿದರೆ ಶಾಯಿ ಹರಡಿರುತ್ತದೆ. ಮಡಿಕೆ ಬಿದ್ದ ಜಾಗದಲ್ಲೇ ಒಟ್ಟು ಮತದ ಅಂಕಿ. ಅದು 817ಓ 877ಓ ಯಾರಿಗೂ ಗೊತ್ತಾಗುವುದಿಲ್ಲ. ಆ ಹಾಳೆ ಇದ್ದೂ ಇಲ್ಲದಂತೆ.

ಹಾಗಾಗಿ ಶಾಲೆಯ ಅಂಗಳ ದಾಟುವ ಮೊದಲೇ ಫೋಟೋ ತೆಗೆಯಿರಿ. ಹಾಳೆ ನೆಲದ ಮೇಲೆ ಸಮನಾಗಿರಲಿ, ನಾಲ್ಕೂ ಮೂಲೆ ಕಾಣಲಿ. ಅಧಿಕಾರಿಯ ಸಹಿ, ಬೂತ್ ಸಂಖ್ಯೆ, ಮತಯಂತ್ರದ ಕಂಟ್ರೋಲ್ ಯೂನಿಟ್ (ಓಟು ದಾಖಲಾಗುವ ಭಾಗ) ಸಂಖ್ಯೆ ಓದುವಂತಿರಲಿ. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ಎಚ್ಚರಿಕೆಯ ಗುರುತು: ಒಟ್ಟು ಮತದ ಜಾಗ ಖಾಲಿ ಬಿಟ್ಟು ಸಹಿ ಹಾಕಿಸಿಕೊಳ್ಳುವುದು. "ಆಮೇಲೆ ತುಂಬುತ್ತೇವೆ" ಅಂದರೆ ಒಪ್ಪಬೇಡಿ. ಯಂತ್ರದಲ್ಲಿ 'ಟೋಟಲ್' ಒತ್ತಿದರೆ ಅಂಕಿ ಅಲ್ಲೇ ಕಾಣುತ್ತದೆ. ಅದನ್ನು ನೋಡಿ, ಹಾಳೆಯ ಅಂಕಿ ನೋಡಿ, ಆಮೇಲೆ ಸಹಿ.

ಹಂತ 2: ಫಾರಂ 20 ಅನ್ನು ಕೈಯಿಂದ ಟೈಪ್ ಮಾಡಿ

ಬಹಳಷ್ಟು ಫಾರಂ 20 ಸ್ಕ್ಯಾನ್ ಮಾಡಿದ ಹಾಳೆಗಳು. ತಾನಾಗಿ ಓದುವ ಆಪ್‌ಗೆ ಕೊಟ್ಟರೆ 3 ಇದ್ದದ್ದು 8 ಆಗುತ್ತದೆ, 1 ಇದ್ದದ್ದು 7 ಆಗುತ್ತದೆ. ನನಗೆ ಬಂದ "ಮಹಾ ಅಕ್ರಮ"ಗಳಲ್ಲಿ ಎಷ್ಟೋ ಇಂಥವೇ. ಒಬ್ಬರು ಓದಲಿ, ಒಬ್ಬರು ಟೈಪ್ ಮಾಡಲಿ. ಒಂದು ವಿಧಾನಸಭಾ ಕ್ಷೇತ್ರ ಒಂದು ದಿನದ ಕೆಲಸ.

ಆಮೇಲೆ ಅಡ್ಡಕ್ಕೆ ಕೂಡಿಸಿ: ಎಲ್ಲ ಅಭ್ಯರ್ಥಿಗಳ ಮತ ಮತ್ತು ನೋಟಾ ಸೇರಿ ಆ ಬೂತಿನ ಒಟ್ಟು ಬರಬೇಕು. ಉದ್ದಕ್ಕೆ ಕೂಡಿಸಿ: ಒಬ್ಬ ಅಭ್ಯರ್ಥಿಯ ಎಲ್ಲ ಬೂತಿನ ಮತ ಸೇರಿ ಕೊನೆಯ ಸಾಲಿನ ಅಂಕಿ ಬರಬೇಕು. ಅಂಚೆ ಮತ ಕೊನೆಯಲ್ಲಿ ಬೇರೆಯಾಗಿ ಇರುತ್ತದೆ. ಅದನ್ನು ಬೂತಿನ ಲೆಕ್ಕಕ್ಕೆ ಸೇರಿಸಬೇಡಿ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಯವರು ಪದೇ ಪದೇ ಮಾಡುವ ತಪ್ಪೊಂದಿದೆ. ಲೋಕಸಭಾ ಕ್ಷೇತ್ರ ಮತ್ತು ಜಿಲ್ಲೆ ಒಂದೇ ಅಂದುಕೊಳ್ಳುವುದು. ಚಿಂತಾಮಣಿ, ಶಿಡ್ಲಘಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಓಟು ಹೋಗುವುದು ಕೋಲಾರ ಲೋಕಸಭೆಗೆ. ಶಿರಾ, ಪಾವಗಡದವರು ತುಮಕೂರು ಜಿಲ್ಲೆಯವರು, ಓಟು ಚಿತ್ರದುರ್ಗಕ್ಕೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿ ಯಲಹಂಕ, ನೆಲಮಂಗಲ, ಹೊಸಕೋಟೆಯೂ ಸೇರಿವೆ. ಜಿಲ್ಲೆಯ ತಾಲ್ಲೂಕುಗಳನ್ನು ಕೂಡಿಸಿ "ಲಕ್ಷಗಟ್ಟಲೆ ಓಟು ಕಾಣೆಯಾಗಿದೆ" ಅಂದರೆ ಯಾರೂ ಮುಂದೆ ಕೇಳುವುದಿಲ್ಲ.

ಹಂತ 3: ಎರಡೂ ಹಾಳೆ ತಾಳೆ ನೋಡಿ

ಈ ಕೆಲಸದ ಜೀವ ಇರುವುದು ಇಲ್ಲೇ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಕೈಗಳು ಬರೆದ ಎರಡು ಹಾಳೆ ಒಂದೇ ಅಂಕಿ ಹೇಳಬೇಕು.

ಒಂದು ಬೂತ್ ಅಂದುಕೊಳ್ಳಿ. ಪಟ್ಟಿಯಲ್ಲಿ 984 ಮತದಾರರು. ಓಟು ಹಾಕಲು ಬಂದವರನ್ನು ಬರೆದುಕೊಳ್ಳುವ 17ಎ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿದವರು 861. ಸಹಿ ಹಾಕಿ "ನಾನು ಓಟು ಹಾಕಲ್ಲ" ಅಂದವರು 2. ನಿಯಮ ಮುರಿದು ಓಟಿಗೆ ಅವಕಾಶ ಸಿಗದವರು ಯಾರೂ ಇಲ್ಲ. ಹಾಗಾದರೆ ಯಂತ್ರದಲ್ಲಿ 859 ಇರಬೇಕು. 17ಸಿಯಲ್ಲಿ 859 ಇರಬೇಕು. ಫಾರಂ 20ರಲ್ಲೂ ಆ ಸಾಲಿನ ಒಟ್ಟು 859 ಇರಬೇಕು.

ವ್ಯತ್ಯಾಸ ಬಂದರೆ ಕೂಗುವ ಮೊದಲು ಈ ಕಾರಣಗಳನ್ನು ನೋಡಿ.

ವ್ಯತ್ಯಾಸ 50ರ ಹತ್ತಿರ ಇದೆಯಾ? ಬೆಳಿಗ್ಗೆ ಅಣಕು ಮತದಾನದಲ್ಲಿ ಕನಿಷ್ಠ 50 ಓಟು ಹಾಕಿ ತೋರಿಸುತ್ತಾರೆ. ಅದನ್ನು ಅಳಿಸುವುದು ಮರೆತರೆ ಸಂಜೆ ಯಂತ್ರದಲ್ಲಿ 909 ಕಾಣುತ್ತದೆ. ಇದು ದೊಡ್ಡ ಲೋಪ, ಆದರೆ ಮರೆವಿನಿಂದಲೂ ಆಗುತ್ತದೆ.

ವ್ಯತ್ಯಾಸ 1 ಅಥವಾ 2 ಇದೆಯಾ? ಪರೀಕ್ಷಾ ಮತ ಇರಬಹುದು. ವಿವಿಪ್ಯಾಟ್ ಚೀಟಿಯಲ್ಲಿ ಬೇರೆ ಹೆಸರು ಬಂತು ಅಂತ ಯಾರಾದರೂ ದೂರಿದರೆ ಹಾಕಿಸುವ ಮತ ಅದು. 17ಸಿಯಲ್ಲಿ ಅದಕ್ಕೇ ಜಾಗ ಇದೆ.

ಸಾಲಿನಲ್ಲಿ ಬರೀ ಸೊನ್ನೆ ಇದೆಯಾ? ಆ ಯಂತ್ರವನ್ನು ಎಣಿಸದೆ ಪಕ್ಕಕ್ಕೆ ಇಟ್ಟಿರಬಹುದು. ಕಾರಣ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ.

ನಿಮ್ಮ ಹೆಸರಿನಲ್ಲಿ ಬೇರೆಯವರು ಓಟು ಹಾಕಿಬಿಟ್ಟಿದ್ದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಟೆಂಡರ್ ಓಟು ಅನ್ನುತ್ತಾರೆ. ಇದು ಯಂತ್ರದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಈ ಅಂಕಿಯನ್ನು ಬೇರೆ ಕಾಲಮ್‌ನಲ್ಲಿ ಬರೆದಿಡಿ. ಒಂದೇ ಬೂತಿನಲ್ಲಿ ಇಂಥವು ಆರೇಳು ಇದ್ದರೆ ಅಲ್ಲಿ ಕಳ್ಳ ಓಟು ಬಿದ್ದಿರುವ ಗುರುತು ಅದು. ಶೇಕಡಾವಾರು ನೋಡುವವರಿಗೆ ಇದು ಕಾಣುವುದೇ ಇಲ್ಲ.

ಇಷ್ಟು ಕಾರಣ ಕಳೆದ ಮೇಲೂ ಉಳಿಯುವ ವ್ಯತ್ಯಾಸ ಒಂದೇ ಓಟಾದರೂ ಗಟ್ಟಿ. 1986ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದದ್ದು ಇದೇ. ಮತ ಲೆಕ್ಕ ಹಾಕುತ್ತಿದ್ದ 30ಕ್ಕೂ ಹೆಚ್ಚು ಕಂಪ್ಯೂಟರ್ ಸಿಬ್ಬಂದಿ ಎದ್ದು ಹೊರಗೆ ನಡೆದರು. ಅವರ ಕಂಪ್ಯೂಟರಿನ ಅಂಕಿ ಒಂದು, ಹೊರಗೆ ಬೋರ್ಡಿನ ಮೇಲೆ ತೋರಿಸುತ್ತಿದ್ದ ಅಂಕಿ ಇನ್ನೊಂದು. ಎರಡು ಕಡೆಯ ಅಂಕಿ ತಾಳೆ ಆಗಲಿಲ್ಲ ಅನ್ನುವ ಅಷ್ಟೇ ಮಾತು ಅಧ್ಯಕ್ಷ ಮಾರ್ಕೋಸ್ ಸರ್ಕಾರದ ಬುಡ ಅಲ್ಲಾಡಿಸಿತು.

ಹಂತ 4: ಸಾಧ್ಯವೇ ಇಲ್ಲದ ಅಂಕಿ ಹುಡುಕಿ

ಬಿದ್ದ ಮತ ಪಟ್ಟಿಯ ಮತದಾರರಿಗಿಂತ ಹೆಚ್ಚಿದೆಯಾ ನೋಡಿ. 1927ರಲ್ಲಿ ಲೈಬೀರಿಯಾ ದೇಶದಲ್ಲಿ ನೋಂದಾಯಿತ ಮತದಾರರು ಸುಮಾರು 15,000. ಗೆದ್ದ ಅಧ್ಯಕ್ಷ ಚಾರ್ಲ್ಸ್ ಕಿಂಗ್ ಅವರಿಗೆ ಬಂತು ಅಂತ ಘೋಷಿಸಿದ್ದು 2 ಲಕ್ಷಕ್ಕೂ ಹೆಚ್ಚು. ಇಲ್ಲಿ ವಾದಕ್ಕೆ ಜಾಗವೇ ಇಲ್ಲ.

ನಮ್ಮಲ್ಲಿ ಇಷ್ಟು ಢಾಳಾಗಿ ಕಾಣುವುದಿಲ್ಲ. ಪಟ್ಟಿಗಿಂತ 3-4 ಓಟು ಜಾಸ್ತಿ ಕಂಡರೆ ಮೊದಲು ಚುನಾವಣಾ ಕರ್ತವ್ಯದ ಪ್ರಮಾಣಪತ್ರ ನೆನಪಿಸಿಕೊಳ್ಳಿ. ಡ್ಯೂಟಿಯಲ್ಲಿರುವ ಸಿಬ್ಬಂದಿ, ಪೊಲೀಸರು ಅದೇ ಕ್ಷೇತ್ರದ ಮತದಾರರಾಗಿದ್ದರೆ ಡ್ಯೂಟಿ ಇರುವ ಬೂತಿನಲ್ಲೇ ಓಟು ಹಾಕಬಹುದು. ಸಣ್ಣ ಬೂತಿನಲ್ಲಿ ಇದು ಎದ್ದು ಕಾಣುತ್ತದೆ. ಪಟ್ಟಿಯೂ ಹೊಸದೇ ಇರಬೇಕು. ಆರು ತಿಂಗಳ ಹಿಂದಿನ ಪಟ್ಟಿ ಹಿಡಿದು ಹೊಸ ಮತ ಎಣಿಸಬೇಡಿ. ಪೂರಕ ಪಟ್ಟಿ ಸೇರಿಸಿ ನೋಡಿ.

ಪಟ್ಟಿಯ ಪ್ರತಿಯೊಬ್ಬರೂ ಓಟು ಹಾಕಿದ್ದಾರೆ ಅಂದರೂ ಅನುಮಾನಿಸಿ. 2002ರಲ್ಲಿ ಇರಾಕ್ ಸರ್ಕಾರ ತನ್ನ 1,14,45,638 ಮತದಾರರೂ ಬಂದು ಅಷ್ಟೂ ಜನ ಸದ್ದಾಂ ಹುಸೇನ್‌ಗೇ ಒಪ್ಪಿಗೆ ಕೊಟ್ಟರು ಅಂತ ಹೇಳಿತು. ನಮ್ಮ ಯಾವ ಊರಿನ ಪಟ್ಟಿ ತೆಗೆದರೂ ತೀರಿಹೋದ ಅಜ್ಜಿಯ ಹೆಸರು, ಮದುವೆಯಾಗಿ ಹೋದ ಮಗಳ ಹೆಸರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರ ಹೆಸರು ಇರುತ್ತವೆ. ದೊಡ್ಡ ಬೂತಿನಲ್ಲಿ ಶೇ 98 ದಾಟಿದರೆ ನಾನಂತೂ ಆ ಪಟ್ಟಿ ಹಿಡಿದು ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ) ಹತ್ತಿರ ಹೋಗುತ್ತೇನೆ. ತೀರಿಹೋದವರ ಹೆಸರಿನಲ್ಲಿ ಓಟು ಬಿದ್ದಿದೆಯಾ ಅನ್ನುವುದು ಆಗ ಕೇಳಬೇಕಾದ ಪ್ರಶ್ನೆ.

ಹಂತ 5: ಗಡಿಯಾರ ಇಟ್ಟು ನೋಡಿ

ಬೆಳಿಗ್ಗೆ 7ರಿಂದ ಸಂಜೆ 6 ಅಂದರೆ 660 ನಿಮಿಷ. ನಮ್ಮ 859 ಓಟಿಗೆ ಒಂದೊಂದಕ್ಕೆ ಸುಮಾರು 46 ಸೆಕೆಂಡ್. ಸರಿಯಾಗಿದೆ. ಈಗ ಕೊನೆಯ ಒಂದು ಗಂಟೆಯಲ್ಲೇ 300 ಓಟು ಬಿತ್ತು ಅಂದರೆ? ಒಂದಕ್ಕೆ 12 ಸೆಕೆಂಡ್. ಹೆಸರು ಹುಡುಕಬೇಕು, ಬೆರಳಿಗೆ ಶಾಯಿ ಹಚ್ಚಬೇಕು, ಸಹಿ ಹಾಕಿಸಬೇಕು, ಗುಂಡಿ ಒತ್ತಬೇಕು. ವಿವಿಪ್ಯಾಟ್ ಚೀಟಿ ಒಂದೇ 7 ಸೆಕೆಂಡ್ ಕಾಣುತ್ತದೆ. ಆಗುವ ಕೆಲಸ ಅಲ್ಲ.

ಆದರೆ 6 ಗಂಟೆಗೆ ಬಾಗಿಲು ಮುಚ್ಚಿದರೂ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಓಟು ಹಾಕಿಸುತ್ತಾರೆ. ಟಿವಿಯಲ್ಲಿ ಬಂದ 5 ಗಂಟೆಯ ಅಂಕಿಯನ್ನು ಅಂತಿಮ ಅಂಕಿಯ ಪಕ್ಕ ಇಟ್ಟು "ರಾತ್ರೋರಾತ್ರಿ ಓಟು ಬೆಳೆದಿದೆ" ಅನ್ನುವುದು ಅತಿ ಹೆಚ್ಚು ಜನ ಮಾಡುವ ತಪ್ಪು. 5 ಗಂಟೆಯದ್ದು ಬರೀ ಅಂದಾಜು. ಹೋಲಿಸಬೇಕಾದ್ದು 17ಸಿ ಜೊತೆ.

ಓಟು ಬಿದ್ದ ಸರದಿಯೂ ಮಾತಾಡುತ್ತದೆ. 1948ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸೆನೆಟ್ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಸುಮಾರು 10 ಲಕ್ಷ ಮತ. ಲಿಂಡನ್ ಜಾನ್ಸನ್ ಗೆದ್ದದ್ದು 87 ಮತದಿಂದ. ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಯಲ್ಲಿ ಅವರಿಗೆ ಮೊದಲು 765 ಅಂತ ಹೇಳಿದ್ದರು. ಆರು ದಿನ ಬಿಟ್ಟು ಅದು 965 ಆಯಿತು. 7ಕ್ಕೆ ಒಂದು ಸುತ್ತು ಹಾಕಿದರೆ 9. ರಿಜಿಸ್ಟರ್ ನೋಡಿದವರು ಹೇಳಿದ್ದು: ಕೊನೆಯ 200 ಚಿಲ್ಲರೆ ಹೆಸರು ಒಂದೇ ಶಾಯಿ, ಒಂದೇ ಕೈಬರಹ, ಅಕ್ಷರಮಾಲೆಯ ಕ್ರಮದಲ್ಲಿ. ಜನ ಅಕ್ಷರಮಾಲೆಯ ಕ್ರಮದಲ್ಲಿ ಬಂದು ಸಾಲು ನಿಲ್ಲುತ್ತಾರಾ? 1977ರಲ್ಲಿ ಆ ಪೆಟ್ಟಿಗೆಯ ಹೊಣೆ ಹೊತ್ತಿದ್ದ ಅಧಿಕಾರಿಯೇ ಅಕ್ರಮ ನಡೆದದ್ದನ್ನು ಒಪ್ಪಿಕೊಂಡರು.

ನಮ್ಮಲ್ಲಿ 17ಎ ರಿಜಿಸ್ಟರ್ ಸೀಲ್ ಆಗಿ ಹೋಗುತ್ತದೆ, ಕೋರ್ಟ್ ಆದೇಶ ಇಲ್ಲದೆ ನೋಡಲು ಆಗುವುದಿಲ್ಲ. ಆದರೆ ಏಜೆಂಟ್ ತನ್ನ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋಗುತ್ತಾನಲ್ಲ, ಆಗ ಕ್ರಮಸಂಖ್ಯೆಯನ್ನು ಬಂದ ಸರದಿಯಲ್ಲೇ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. 411, 412, 413, 414 ಅಂತ ನಾಲ್ಕೈದು ಸಾಲಾಗಿ ಬಂದರೆ ಒಂದು ಮನೆಯವರು ಒಟ್ಟಿಗೆ ಬಂದಿದ್ದಾರೆ ಅಷ್ಟೇ. 40 ಹೆಸರು ಹಾಗೆ ಸಾಲಾಗಿ ಬಂದರೆ ಅಲ್ಲೇ ಆಕ್ಷೇಪಣೆ ಬರೆದುಕೊಡಬೇಕು.

ಹಂತ 6: ಶೇಕಡಾದಿಂದ ಹುಟ್ಟಿದ ಅಂಕಿಯನ್ನು ಗುರುತಿಸಿ

ನಿಜವಾದ ಎಣಿಕೆಯಲ್ಲಿ ಮೊದಲು ಮತ, ಆಮೇಲೆ ಶೇಕಡಾ. ಉಲ್ಟಾ ನಡೆದರೆ ಅಂಕಿಯಲ್ಲೇ ಗುರುತು ಉಳಿಯುತ್ತದೆ.

2024ರ ಜುಲೈನಲ್ಲಿ ವೆನೆಜುವೆಲಾದ ಅಧ್ಯಕ್ಷ ಚುನಾವಣೆ. ಶೇ 80 ಎಣಿಕೆ ಆಗಿದೆ ಅಂತ ಹೇಳಿ ಆಯೋಗ ಕೊಟ್ಟ ಅಂಕಿ: ಅಧಿಕಾರದಲ್ಲಿದ್ದ ಅಧ್ಯಕ್ಷ ಮಡುರೊ 51,50,092, ವಿರೋಧ ಪಕ್ಷದ ಗೊನ್ಸಾಲೆಸ್ 44,45,978, ಉಳಿದವರು 4,62,704. ಕೂಡಿಸಿ ನೋಡಿ, 1,00,58,774. ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಈ ಮೊತ್ತದ ಶೇ 51.2 ಎಷ್ಟು? 51,50,092.29. ಶೇ 44.2? 44,45,978.11. ಶೇ 4.6? 4,62,703.60. ಮೂರೂ ಪಕ್ಕದ ಪೂರ್ಣ ಅಂಕಿಗೆ ಸರಿಯಾಗಿ ಕೂರುತ್ತವೆ.

ಇದೇನು ದೊಡ್ಡ ವಿಷಯ ಅನ್ನಬಹುದು. ಒಂದು ಕೋಟಿ ಮತದಲ್ಲಿ 0.1 ಶೇಕಡಾ ಅಂದರೆ ಸುಮಾರು ಹತ್ತು ಸಾವಿರ ಮತ. ಅಷ್ಟರಲ್ಲಿ ಒಂದೇ ಒಂದು ಅಂಕಿ ಹೀಗೆ ಕೂರುತ್ತದೆ. ಮೊದಲನೆಯವರಿಗೆ ಹಾಗೆ ಆಗುವುದು ಹತ್ತು ಸಾವಿರಕ್ಕೆ ಒಂದು ಸಲ. ಎರಡನೆಯವರಿಗೂ ಆಗಬೇಕು ಅಂದರೆ ಹತ್ತು ಕೋಟಿಗೆ ಒಂದು ಸಲ. ಮತ ಎಣಿಸಿ ಬಂದ ಅಂಕಿ ಹೀಗಿರುವುದಿಲ್ಲ. ಯಾರೋ ಶೇಕಡಾ ಇಟ್ಟುಕೊಂಡು ಮತ ಬರೆದಿದ್ದಾರೆ.

ಆದರೂ ಇಷ್ಟರಿಂದಲೇ ಯಾರು ಗೆದ್ದರು ಅಂತ ಹೇಳಲಾಗದು. ನಿಜವಾದ ಶೇಕಡಾ ಮಾತ್ರ ಸಿಕ್ಕ ಗುಮಾಸ್ತನೊಬ್ಬ ಅದರಿಂದ ಮತ ಲೆಕ್ಕ ಹಾಕಿ ಬರೆದಿರಲೂಬಹುದು. ಅದನ್ನು ಬಗೆಹರಿಸುವುದು ಬೂತಿನ ಕಾಗದ. ಆಯೋಗ ಬೂತ್‌ವಾರು ಅಂಕಿ ಪ್ರಕಟಿಸಲಿಲ್ಲ. ವಿರೋಧ ಪಕ್ಷದವರು ತಮ್ಮ ಏಜೆಂಟರು ತಂದ ಶೇ 80ಕ್ಕೂ ಹೆಚ್ಚು ಬೂತಿನ ಹಾಳೆಗಳನ್ನು ಹೊರಗಿಟ್ಟರು, ಅದರಲ್ಲಿ ಗೊನ್ಸಾಲೆಸ್‌ಗೆ ಸುಮಾರು ಶೇ 67 ಇತ್ತು. ಹಂತ 1ರಲ್ಲಿ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ನಿಮ್ಮ ಶೀಟಿನಲ್ಲಿ ಹೀಗೆ ಮಾಡಿ: ಶೇಕಡಾ ಕಾಲಮ್‌ಗೆ ಆರು ದಶಮಾಂಶ ಇಡಿ. 70.000000, 75.000000 ಥರದವು ಗುಂಪಾಗಿ ಬರುತ್ತವಾ ನೋಡಿ. ರಷ್ಯಾದ ಚುನಾವಣೆಗಳಲ್ಲಿ ಶೇ 70, 75, 80, 85 ಮತದಾನ ತೋರಿಸಿದ ಬೂತ್‌ಗಳು ಮಿತಿಮೀರಿ ಹೆಚ್ಚಿದ್ದವು. ಅಲ್ಲಿನ ಲೆಕ್ಕ ಬಲ್ಲವರು ಅಕ್ರಮ ಹಿಡಿದದ್ದು ಹಾಗೆ. ಎಚ್ಚರಿಕೆ: 100 ಅಥವಾ 200 ಓಟಿನ ಸಣ್ಣ ಬೂತಿನಲ್ಲಿ ಪೂರ್ಣ ಶೇಕಡಾ ಬರುವುದು ಸಹಜ. 300ಕ್ಕಿಂತ ಕಡಿಮೆ ಓಟಿನ ಬೂತ್‌ಗಳನ್ನು ಈ ಪರೀಕ್ಷೆಯಿಂದ ಬಿಟ್ಟುಬಿಡಿ.

ಹಂತ 7: "ಅಪರೂಪ" ಅನ್ನಿಸುವುದನ್ನು ಕೊನೆಗೆ ನೋಡಿ

ಹೆಚ್ಚು ಮತದಾನ ಅಂದರೆ ಅಕ್ರಮ ಅಲ್ಲ. 2024ರ ಲೋಕಸಭೆಯಲ್ಲಿ ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಶೇ 75 ದಾಟಿದವು. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಶೇ 55 ಮುಟ್ಟಲಿಲ್ಲ. ನಗರದ ಕಣ್ಣಿನಿಂದ ನೋಡಿದರೆ ನಮ್ಮ ಹಳ್ಳಿಯ ಶೇ 90 ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಅದು ಮಾಮೂಲು. ಒಂದು ಬೂತನ್ನು ಪಕ್ಕದ ಊರಿನ ಬೂತಿನ ಜೊತೆ, ಅದೇ ಬೂತಿನ ಹಿಂದಿನ ಚುನಾವಣೆಯ ಜೊತೆ ಮಾತ್ರ ಹೋಲಿಸಿ.

ಒಬ್ಬರಿಗೆ ಸೊನ್ನೆ ಬಂದರೂ ಹಾಗೇ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ 59 ಬೂತ್‌ಗಳಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮಿಟ್ ರಾಮ್ನಿಗೆ ಒಂದೂ ಮತ ಬೀಳಲಿಲ್ಲ. ಪತ್ರಕರ್ತರು ಆ ಬೀದಿಗಳಿಗೇ ಹೋಗಿ ವಿಚಾರಿಸಿದರು. ಅಲ್ಲಿ ಅವರ ಕಡೆಯವರು ನಿಜವಾಗಿಯೂ ಸಿಗುವುದೇ ಕಷ್ಟವಾಗಿತ್ತು. ಊರಿಗೆ ಊರೇ ಒಂದು ಕಡೆ ವಾಲುವುದು ನಮಗೇನು ಹೊಸದಾ?

ಕೊನೆಯ ಅಂಕಿಯ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ದೊಡ್ಡ ಅಭ್ಯರ್ಥಿಯ ಬೂತ್‌ವಾರು ಮತಗಳಲ್ಲಿ ಬಿಡಿ ಸ್ಥಾನದ ಅಂಕಿ ಮಾತ್ರ ತೆಗೆಯಿರಿ. 0ಯಿಂದ 9ರವರೆಗೆ ಎಲ್ಲವೂ ಹೆಚ್ಚುಕಡಿಮೆ ಸಮ ಬರಬೇಕು. 250 ಬೂತ್ ಇದ್ದರೆ ಒಂದೊಂದು ಅಂಕಿ 25 ಸಲ. 16ರಿಂದ 34ರವರೆಗೆ ಬಂದರೆ ಚಿಂತೆ ಬೇಡ. 0 ಅಥವಾ 5 ಒಂದೇ 45 ಸಲ ಬಂದರೆ ಯಾರೋ ಅಂದಾಜಿನಲ್ಲಿ ಬರೆದಿರಬಹುದು.

ಮೊದಲ ಅಂಕಿಯ ಪರೀಕ್ಷೆಯನ್ನು, ಮೊದಲ ಅಂಕಿಯಾಗಿ 1 ಅತಿ ಹೆಚ್ಚು ಸಲ ಬರಬೇಕು ಅನ್ನುವ ಬೆನ್‌ಫೋರ್ಡ್ ನಿಯಮ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ ಅದನ್ನು, ಬೂತ್ ಲೆಕ್ಕಕ್ಕೆ ಬಳಸಬೇಡಿ. ಬೂತ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಗೆಲ್ಲುವವರಿಗೆ ಹೆಚ್ಚಿನ ಕಡೆ 400, 500 ಬರುತ್ತದೆ. ಮೊದಲ ಅಂಕಿ 1 ಕಡಿಮೆ ಬರುವುದು ಅದಕ್ಕೇ.

ಹಂತ 8: ಉಳಿದದ್ದನ್ನು ಅಂತರದ ಪಕ್ಕ ಇಡಿ, ದಿನ ಎಣಿಸಿ

ಕಾರಣ ಸಿಗದ ಬೂತ್‌ಗಳ ವ್ಯತ್ಯಾಸ ಕೂಡಿಸಿ. ಗೆಲುವಿನ ಅಂತರ 20,000 ಇದ್ದು ನಿಮ್ಮ ವ್ಯತ್ಯಾಸ 14 ಓಟು ಇದ್ದರೆ ಬೂತಿನ ಲೋಪ ಅಂತ ದೂರು ಕೊಡಿ, ಫಲಿತಾಂಶವೇ ಸುಳ್ಳು ಅನ್ನಬೇಡಿ. ಅಂತರ ಸಣ್ಣದಿದ್ದರೆ ಕಥೆ ಬೇರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ನಮ್ಮ ಮಾಲೂರಿನಲ್ಲಿ ಅಂತರ 248. ಅದು ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆ ರದ್ದು ಮಾಡಿ ಮರು ಎಣಿಕೆಗೆ ಹೇಳಿತು, ಆಮೇಲೆ ವಿಷಯ ಸುಪ್ರೀಂ ಕೋರ್ಟ್ ತಲುಪಿತು. ಎಣಿಕೆ ಕೇಂದ್ರದ ವಿಡಿಯೋ ಆ ಕೇಸಿನಲ್ಲಿ ದೊಡ್ಡ ವಿಷಯವಾಯಿತು.

ಗಡುವುಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಮರು ಎಣಿಕೆ ಕೇಳುವುದಾದರೆ ಫಲಿತಾಂಶ ಘೋಷಿಸುವ ಮೊದಲೇ, ಬರಹದಲ್ಲಿ, ಕಾರಣ ಕೊಟ್ಟು, ಚುನಾವಣಾಧಿಕಾರಿಗೆ. ಯಂತ್ರದ ಮೆಮೊರಿ ಪರಿಶೀಲನೆ ಎರಡನೇ, ಮೂರನೇ ಸ್ಥಾನದ ಅಭ್ಯರ್ಥಿ ಮಾತ್ರ ಕೇಳಬಹುದು, 7 ದಿನದೊಳಗೆ. ಚುನಾವಣಾ ತಕರಾರು ಅರ್ಜಿ ಹೈಕೋರ್ಟಿನಲ್ಲಿ, ಫಲಿತಾಂಶದಿಂದ 45 ದಿನದೊಳಗೆ. ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. 46ನೇ ದಿನ ನಿಮ್ಮ ಶೀಟ್ ಎಷ್ಟೇ ಸರಿ ಇದ್ದರೂ ಬಾಗಿಲು ಮುಚ್ಚಿರುತ್ತದೆ.

ದೂರು ಒಂದು ಪುಟ ಸಾಕು. ಬೈಗುಳ ಬೇಡ, ಪಕ್ಷದ ಹೆಸರು ಬೇಡ. ಹೀಗೆ ಬರೆಯಿರಿ: "ಬೂತ್ ಸಂಖ್ಯೆ ಇಷ್ಟು, ಕಂಟ್ರೋಲ್ ಯೂನಿಟ್ ಸಂಖ್ಯೆ ಇಷ್ಟು. 17ಸಿ ಪ್ರಕಾರ 859 ಮತ, ಫಾರಂ 20 ಪ್ರಕಾರ 881. ವ್ಯತ್ಯಾಸ 22. ಅಣಕು ಮತದಾನ ಅಳಿಸಿದ ಪ್ರಮಾಣಪತ್ರಕ್ಕೆ ನಮ್ಮ ಏಜೆಂಟ್ ಸಹಿ ಇದೆ. ಪರೀಕ್ಷಾ ಮತ ಇಲ್ಲ. 17ಸಿ ಪ್ರತಿ ಲಗತ್ತಿಸಿದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಬರಹದಲ್ಲಿ ಕೊಡಬೇಕು." ಎರಡು ಪ್ರತಿ ಮಾಡಿ. ಒಂದರ ಮೇಲೆ ಕಚೇರಿಯ ಸೀಲ್, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.